ಸ್ಕಾಟಿಕಾ ಫ್ಯಾರಿನೋಸಾದ ಕುಬ್ಜ ರೂಪವೇ?

ಸ್ಕಾಟ್ಲೆಂಡಿನ ಪ್ರಿಮುಲಾ ಸ್ಕಾಟಿಕಾ ಎಂಬ ಕಾಡು ಪ್ರಿಮ್‌ರೋಸ್, ಯುರೋಪಿನಲ್ಲಿ ವ್ಯಾಪಕವಾಗಿರುವ ಪ್ರಿಮುಲಾ ಫ್ಯಾರಿನೋಸಾದ ಕುಬ್ಜ ರೂಪವಷ್ಟೇ ಆಗಿರುವುದರಿಂದ ಅದಕ್ಕೆ ಪ್ರತ್ಯೇಕ ರಕ್ಷಣೆ ಅನಗತ್ಯವೆಂಬ ವಾದ, ಗಿಡವೇ ನುಡಿಯುವ ಸಾಕ್ಷ್ಯವನ್ನು ಕಡೆಗಣಿಸುತ್ತದೆ. ಜೀವಕೋಶದಲ್ಲಿ ಆನುವಂಶಿಕ ಗುಣಗಳನ್ನು ಹೊರುವ ವರ್ಣತಂತುಗಳು ಫ್ಯಾರಿನೋಸಾದಲ್ಲಿ 18 ಇದ್ದರೆ ಸ್ಕಾಟಿಕಾದಲ್ಲಿ 54 ಇವೆ; ಮೂರು ಪಟ್ಟಿನ ಈ ಅಂತರವನ್ನು ಮಣ್ಣಿನ ಬಡತನವಾಗಲಿ ಕಡಲಗಾಳಿಯಾಗಲಿ ಉಂಟುಮಾಡಲಾರದು. ಹೂವಿನ ರಚನೆಯೂ ಬೇರೆ: ಫ್ಯಾರಿನೋಸಾದಲ್ಲಿ ಉದ್ದ ಶಲಾಕೆಯ (ಹೂವಿನ ಹೆಣ್ಣು ಭಾಗದ ದಂಟಿನ) ಹೂಗಳೂ ಗಿಡ್ಡ ಶಲಾಕೆಯ ಹೂಗಳೂ ಬೇರೆಬೇರೆ ಗಿಡಗಳಲ್ಲಿ ಅರಳಿ, ಪರಾಗವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯಲು ಕೀಟಗಳನ್ನು ಅವಲಂಬಿಸಿದರೆ (ಪ್ರಿಮುಲಾಗಳ ಈ ದ್ವಿರೂಪತೆಯನ್ನು ಡಾರ್ವಿನ್ 1862ರಲ್ಲಿಯೇ ವಿವರಿಸಿದ್ದನು), ಸ್ಕಾಟಿಕಾದಲ್ಲಿ ಒಂದೇ ಬಗೆಯ ಹೂವಿದ್ದು ಅದು ಸ್ವಕೀಯ ಪರಾಗಸ್ಪರ್ಶದಿಂದಲೇ ಬೀಜ ಕಟ್ಟುತ್ತದೆ. ಈ ಸ್ವಾವಲಂಬನೆ ಸುರಕ್ಷತೆಯಲ್ಲ, ಏಕೆಂದರೆ ಅದರೊಂದಿಗೆ ಆನುವಂಶಿಕ ವೈವಿಧ್ಯ ತೀರ ಕಡಿಮೆಯಾಗಿದೆ. ಉತ್ತರ ಸ್ಕಾಟ್ಲೆಂಡಿನ ಸದರ್ಲೆಂಡ್, ಕೇತ್‌ನೆಸ್ ಮತ್ತು ಆರ್ಕ್ನಿ ದ್ವೀಪಗಳನ್ನು ಬಿಟ್ಟರೆ ಜಗತ್ತಿನಲ್ಲಿ ಅದಕ್ಕೆ ಬೇರೆ ಸಹಜ ನೆಲೆಯಿಲ್ಲ. ಅಲ್ಲಿ ಕುರಿಗಳ ಮೇಯುವಿಕೆ ನಿಂತರೆ ಎತ್ತರದ ಹುಲ್ಲು ಅದನ್ನು ಮುಚ್ಚುತ್ತದೆ, ಬೇಸಿಗೆಯಲ್ಲಿ ಮೇಯುವಿಕೆ ಹೆಚ್ಚಿದರೆ ಹೂಗೊಂಚಲೇ ಕುರಿಗಳ ಪಾಲಾಗುತ್ತದೆ. ವ್ಯಾಪಕವೆನ್ನಲಾದ ಫ್ಯಾರಿನೋಸಾವೂ ಬ್ರಿಟನ್ನಿನಲ್ಲಿ ಉತ್ತರ ಇಂಗ್ಲೆಂಡಿನ ಸುಣ್ಣಕಲ್ಲಿನ ಸೀಮೆಗೆ ಸೀಮಿತವಾಗಿದ್ದು, ಜೌಗುನೆಲಗಳ ನೀರು ಬಸಿದಲ್ಲೆಲ್ಲ ಹಿಂಜರಿದಿದೆ.