ಹೇರಿನ ಎತ್ತಿನಂಥ ವಿಮಾನ ಬೇಕು

ವಿಮಾನವೆಂದರೆ ಸಿರಿವಂತರ ಸವಾರಿ, ನಮಗೇಕೆ ಅದರ ಗೊಡವೆ ಎಂದು ಐನಾಪುರದ ಸಂತೆಯಲ್ಲಿ ಕೇಳುವವರಿದ್ದಾರೆ. ತಪ್ಪು, ಬಂಧುಗಳೇ! 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ದಂಡೆಯ ಊರುಗಳ ದಾರಿ ಕಡಿಯಿತು. ನಮಗೆ ಅದು ಕೆಲವು ದಿನದ ಪಾಡು. ಗುಡ್ಡಗಾಡಿನವರಿಗೆ ವರ್ಷವಿಡೀ ಅದೇ ಪಾಡು.

ಪಪುವಾ ನ್ಯೂ ಗಿನಿಯ ಗುಡ್ಡಗಳಲ್ಲಿ ಹುಲ್ಲುಮೈದಾನಕ್ಕೆ ಇಳಿಯುವ ಗಟ್ಟಿಮುಟ್ಟಾದ ಚಿಕ್ಕ ವಿಮಾನಗಳು ಔಷಧ ತಂದು ರೈತನ ಕಾಫಿ ಒಯ್ಯುತ್ತವೆ. ಅಲ್ಲಿ ವಿಮಾನವೇ ಚಕ್ಕಡಿ.

ನಮ್ಮಲ್ಲಿ? ಬೆಂಗಳೂರಿನ ಎನ್‌ಎಎಲ್ ಸಂಸ್ಥೆಯ ‘ಸಾರಸ್’ 2004ರಲ್ಲಿ ಮೊದಲು ಹಾರಿತು. 2009ರಲ್ಲಿ ಬಿಡದಿ ಬಳಿ ಬಿದ್ದು ಮೂವರು ಮಡಿದರು. ಕೆಲಸ ವರ್ಷಗಟ್ಟಲೆ ನಿಂತಿತು. ಇಪ್ಪತ್ತು ವರ್ಷ ಕಳೆದರೂ ಜನಸೇವೆಗೆ ಬರಲಿಲ್ಲ. ಕಾನ್ಪುರದ ಎಚ್‌ಎಎಲ್ ಕಾರ್ಮಿಕರು ಕಟ್ಟಿದ ಡಾರ್ನಿಯರ್ 2022ರಲ್ಲಿ ದಿಬ್ರುಗಢದಿಂದ ಪಾಸಿಘಾಟಿಗೆ ಪ್ರಯಾಣಿಕರನ್ನು ಒಯ್ದಿತು. ಜನರನ್ನು ಹೊತ್ತದ್ದು ಸರಕನ್ನೂ ಹೊರಬಲ್ಲದು. ಕಟ್ಟುವ ಕೈ ಇದೆ. ಕಟ್ಟಿಸುವ ಮನಸ್ಸು ಸರಕಾರಕ್ಕಿಲ್ಲ.

2020ರಲ್ಲಿ ‘ಕೃಷಿ ಉಡಾನ್’ ಬಂತು. ಮರುವರ್ಷ ಆಯ್ದ ನಿಲ್ದಾಣಗಳಲ್ಲಿ ಸರಕು ವಿಮಾನಗಳಿಗೆ ಇಳಿಯುವ, ನಿಲ್ಲುವ ಶುಲ್ಕ ಮಾಫಿಯಾಯಿತು. ಮಾಫಿ ಸಿಕ್ಕಿದ್ದು ಕಂಪನಿಗೆ. ದ್ರಾಕ್ಷಿ ಬೆಳೆದವನಿಗೆ, ಪೆಟ್ಟಿಗೆ ಹೊತ್ತ ಹಮಾಲನಿಗೆ ಸಿಕ್ಕಿದ್ದೇನು?

ಸಕ್ಕರೆ ಚೀಲ ಆಕಾಶದಲ್ಲಿ ಹೋಗಲಿ ಎನ್ನುತ್ತಿಲ್ಲ, ಅದಕ್ಕೆ ರೈಲಿದೆ. ರಸ್ತೆಯಿಲ್ಲದ ಊರಿಗೆ, ಬೇಗ ಕೆಡುವ ಮಾಲಿಗೆ ಸರಕಾರವೇ ಕಟ್ಟಿ ಸರಕಾರವೇ ನಡೆಸುವ ಹೇರಿನ ವಿಮಾನ ಬೇಕು. ಅದರ ಬಾಡಿಗೆ ರೈತರ ಸಹಕಾರಿ ಸಂಘಕ್ಕೆ ಎಟುಕಬೇಕು. ಈ ಕೂಗು ಗಿರಣಿಯ ಬಾಗಿಲಿನಿಂದಲೂ ಅಂಗಡಿಯ ಕಟ್ಟೆಯಿಂದಲೂ ಏಳಲಿ!