ವೀಸಾ 2 ವರ್ಷ, ಕಾರಿನ ಕಂತು 5 ವರ್ಷ! (ದುಬೈ ಲೆಕ್ಕ, ಭಾಗ 3)

ದೋಸ್ತರೇ, ಈ ಭಾಗ ತೋರಣಗಲ್ಲಿನಲ್ಲಿ ಕೆಲಸ ಕಲಿತು ದುಬೈಗೆ ಹೊರಟೋರಿಗೆ. ಹೋದ ವರ್ಷವೇ ಸಾಲ ಮಾಡಿ ಕಾರು ತಗೋಬೇಡ್ರಿ.

ಸಾಲ ಸಿಗಲ್ಲ ಅಂತಲ್ಲ. ರೆಸಿಡೆನ್ಸ್ ವೀಸಾ, ಎಮಿರೇಟ್ಸ್ ಐಡಿ, ಸಂಬಳದ ಪತ್ರ, ಅಲ್ಲಿನ ಲೈಸೆನ್ಸ್ ಇದ್ರೆ ಬ್ಯಾಂಕು ಕೊಡುತ್ತೆ. ಅಲ್ಲಿನ ಸೆಂಟ್ರಲ್ ಬ್ಯಾಂಕಿನ 2011ರ ನಿಯಮದಂತೆ ಬೆಲೆಯ 80% ತನಕ ಸಾಲ, ಉಳಿದ 20% ನಮ್ಮ ಕೈಯಿಂದ. ಹೆಚ್ಚಂದ್ರೆ 60 ಕಂತು. ಎಲ್ಲ ಸಾಲದ ಕಂತು ಸೇರಿ ಸಂಬಳದ ಅರ್ಧ ದಾಟಂಗಿಲ್ಲ.

ಆದ್ರೆ ಖಾಸಗಿ ಕೆಲಸದ ವೀಸಾ ಸಾಮಾನ್ಯವಾಗಿ 2 ವರ್ಷದ್ದು. ಕೆಲಸ ಹೋದ್ರೆ ವೀಸಾನೂ ಹೋಗುತ್ತೆ, ಸಾಲ ಹೋಗಲ್ಲ. ಕಾರು ಬ್ಯಾಂಕಿಗೆ ಅಡ ಇರುತ್ತೆ, ಸಾಲ ತೀರಿಸದೆ ಮಾರೋಕೂ ಆಗಲ್ಲ. ಕಂತು ನಿಂತು ಕೇಸಾದ್ರೆ ಕೋರ್ಟು ದೇಶ ಬಿಡದಂಗೆ ತಡೀಬಹುದು. ಅವ್ವನಿಗೆ ಹುಷಾರಿಲ್ಲ ಅಂದ್ರೂ ಊರಿಗೆ ಬರೋಕಾಗಲ್ಲ.

ಬಡ್ಡಿನೂ ನೋಡ್ರಿ. ‘ಫ್ಲಾಟ್ 3%’ ಅಂದ್ರೆ 40,000 ದಿರ್ಹಮ್‌ಗೆ 5 ವರ್ಷಕ್ಕೆ 6,000 ಬಡ್ಡಿ. ಅಸಲು ಕರಗಿದ್ರೂ ಬಡ್ಡಿ ಪೂರ್ತಿ 40,000ದ ಮೇಲೇ! ನಿಜವಾದ ದರ ವರ್ಷಕ್ಕೆ 5.5%ಗಿಂತ ಜಾಸ್ತಿ.

ಕೆರೆಗೆ ನೀರೆಷ್ಟು ಬಂತು ಅಂತ ನೋಡಿ ಭತ್ತ ನಾಟಿ ಮಾಡೋ ದರೋಜಿ ಮಕ್ಕಳು ನಾವು. ಸಾಲಕ್ಕೂ ಅದೇ ಲೆಕ್ಕ ಇರಲಿ. ಮೊದಲು ಮೆಟ್ರೊ, ಬಸ್ಸು. ನಿಮ್ಮನ್ನ ಕಳಿಸೋಕೆ ಅಪ್ಪ ಹೊಲ ಅಡ ಇಟ್ಟಿದ್ರೆ ಮೊದಲು ಅದು ಬಿಡಿಸ್ರಿ. ಆಮೇಲೂ ಕಾರು ಬೇಕೇ ಬೇಕಂದ್ರೆ, ವೀಸಾ ಮುಗಿಯೋದ್ರೊಳಗೆ ತೀರೋ ಅಷ್ಟೇ ಸಾಲ ಮಾಡ್ರಿ.

ಹೊರಡೋ ಗೆಳೆಯರನ್ನ ಟ್ಯಾಗ್ ಮಾಡ್ರಿ 👇

#ದರೋಜಿ #ದುಬೈಲೆಕ್ಕ