ಪ್ರತಿ ಇದೆಯೆಂಬ ಭ್ರಮೆ

ಕಂಪ್ಯೂಟರಿಲ್ಲದ ಮನೆ ನಮ್ಮ ಮುಂಬಯಿ ಕನ್ನಡಿಗರಲ್ಲಿ ಈಗ ವಿರಳ. ಮದುವೆಯ ಚಿತ್ರಗಳು, ಊರಿನ ಜಮೀನಿನ ಕಾಗದಪತ್ರಗಳು, ಹಳೆಯ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ತಾಳಮದ್ದಲೆ, ತೀರಿಹೋದ ಹಿರಿಯರ ಧ್ವನಿ—ಎಲ್ಲವೂ ಅದರ ಹೊಟ್ಟೆಯೊಳಗೆ. ಇವಕ್ಕೆಲ್ಲ ಬ್ಯಾಕಪ್ ಇದೆಯೇ ಎಂದು ಕೇಳಿದರೆ, "ಓಹೋ, ಎಲ್ಲ ಕ್ಲೌಡ್‌ನಲ್ಲಿದೆ" ಎಂಬ ಉತ್ತರ ಸಿದ್ಧ. ಈ ಉತ್ತರವನ್ನು ನಾವು ಖಂಡಿತ ಒಪ್ಪಲಾರೆವು.

ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದವುಗಳನ್ನು ಬಹುಮಂದಿ ಬಳಸುವುದು ಎರಡು ಕಡೆಯ ಫೈಲುಗಳನ್ನು ಸರಿಸಮವಾಗಿಡಲು. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಇಲ್ಲಿ ಕೆಟ್ಟದ್ದು ಅಲ್ಲಿಯೂ ಕೆಡುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ 30 ದಿನ ಕಾದು ತಾನೇ ಬರಿದಾಗುತ್ತದೆ. ಆರು ತಿಂಗಳ ಮೇಲೆ ಎಚ್ಚೆತ್ತವರಿಗೆ ಅದರಿಂದೇನು ಪ್ರಯೋಜನ? ಕನ್ನಡಿಯಲ್ಲಿ ಕಾಣುವ ಗಂಟನ್ನು ಎರಡನೆಯ ಗಂಟೆಂದು ಎಣಿಸಿದಂತಾಯಿತು.

ಇನ್ನು ಕೆಲವರು ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನು ಕೊಂಡು, ಹಗಲೂ ರಾತ್ರಿ ಕಂಪ್ಯೂಟರಿಗೆ ಚುಚ್ಚಿಯೇ ಇಟ್ಟು ನಿಶ್ಚಿಂತರಾಗಿದ್ದಾರೆ. 2017ರ ಮೇ ತಿಂಗಳಲ್ಲಿ ಜಗತ್ತನ್ನು ನಡುಗಿಸಿದ ವನ್ನಾಕ್ರೈ ಎಂಬ ಪಿಡುಗು ಕಂಪ್ಯೂಟರಿನ ಜೊತೆಗೆ ಅದಕ್ಕೆ ತಗುಲಿದ್ದ ಡಿಸ್ಕುಗಳಿಗೂ ಬೀಗ ಜಡಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದುದನ್ನು ನಮ್ಮೂರಿನವರು ಮರೆತಿರಲಾರರು. ಕಂಪ್ಯೂಟರೂ ಡಿಸ್ಕೂ ಒಂದೇ ಕಪಾಟಿನಲ್ಲಿದ್ದರೆ, ಒಳನುಗ್ಗಿದ ನೀರು ಯಾವುದು ಮೂಲ, ಯಾವುದು ಪ್ರತಿ ಎಂದು ವಿಚಾರಿಸುವುದೇ?

"ನಾವೇನು ದೊಡ್ಡ ಕಂಪೆನಿಯೇ?" ಎನ್ನುವವರೂ ಇದ್ದಾರೆ. ಕಂಪ್ಯೂಟರನ್ನೇ ಉಸಿರಾಡುವ ಗಿಟ್‌ಲ್ಯಾಬ್ ಕಂಪೆನಿಯಲ್ಲಿ 2017ರ ಜನವರಿ 31ರಂದು ಕೈತಪ್ಪಿ ಮಾಹಿತಿ ಅಳಿಸಿಹೋದಾಗ, ಐದು ಬಗೆಯ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲವೆಂದು ಅವರೇ ಒಪ್ಪಿಕೊಂಡರು. ಆರು ಗಂಟೆಗಳ ಹಿಂದೆ ಒಬ್ಬ ಇಂಜಿನಿಯರ್ ತೆಗೆದಿಟ್ಟಿದ್ದ ಪ್ರತಿ ಮಾನ ಉಳಿಸಿತು. ಬಲ್ಲವರ ಪಾಡೇ ಇದಾದರೆ ನಮ್ಮ ನಿಮ್ಮ ಪಾಡೇನು?

ಮಾಡಬೇಕಾದುದು ಕಷ್ಟದ್ದಲ್ಲ. ಪ್ರತಿಗಳು ಮೂರಿರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ವಾರಕ್ಕೊಮ್ಮೆ ನಕಲಿಸಿ, ಕೂಡಲೇ ಕಳಚಿಡುವ ಡಿಸ್ಕಿನಲ್ಲಿ, ಮೂರನೆಯದು ಮನೆಯಿಂದ ದೂರ. ರಜೆಗೆ ಊರಿಗೆ ಹೋಗುವಾಗ ಪಾಸ್‌ವರ್ಡಿನಿಂದ ಭದ್ರಪಡಿಸಿದ ಡಿಸ್ಕೊಂದನ್ನು ಒಯ್ದು ಅಣ್ಣನ ಮನೆಯಲ್ಲಿಟ್ಟು, ಮುಂದಿನ ಸಲ ಹೊಸದರೊಡನೆ ಬದಲಿಸಿದರಾಯಿತು. ಕ್ಲೌಡ್ ಇವುಗಳ ಜೊತೆಗಿರಲಿ, ಬದಲಿಗಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ತಿಂಗಳಿಗೊಮ್ಮೆ ಆ ಪ್ರತಿಯಿಂದ ನಾಲ್ಕು ಫೈಲುಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಬರಿಯ ನಂಬಿಕೆ.

ಕಂಪ್ಯೂಟರ್ ಹಾಳಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಅಜ್ಜಿಯ ಧ್ವನಿ ಯಾವ ಅಂಗಡಿಯಲ್ಲಿ ಸಿಕ್ಕೀತು? ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಬದಲು, ಈ ಭಾನುವಾರವೇ ಕೆಲಸ ಪ್ರಾರಂಭವಾಗಲಿ.